ಐಸಿ ಹೋಗಿದೆ ಅನ್ನುವ ಮೊದಲು: ಬೋರ್ಡಿನಲ್ಲಿ ಚಿಪ್ ಗುರುತಿಸುವುದು, ಬದಲಿಸುವುದು

ಏಪ್ರಿಲ್ ಕೊನೆಗೆ ಗುಡುಗು ಮಳೆ ಶುರುವಾಯಿತು ಅಂದರೆ ಮಂಡ್ಯದ ರಿಪೇರಿ ಅಂಗಡಿಗಳ ಟೇಬಲ್ ತುಂಬುತ್ತದೆ. ಸ್ಟೆಬಿಲೈಸರ್, ಸೆಟ್‌ಟಾಪ್ ಬಾಕ್ಸ್, ಯುಪಿಎಸ್, ಪಂಪ್‌ಸೆಟ್ ಸ್ಟಾರ್ಟರಿನ ಒಳಗಿರುವ, ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಪ್ರಿವೆಂಟರ್ ಬೋರ್ಡು. ತಂದವರು ಕಾಯಿಲೆ ಏನು ಅಂತಲೂ ತಾವೇ ಹೇಳಿಬಿಡುತ್ತಾರೆ: “ಐಸಿ ಹೋಗೈತಂತೆ ಕಣಣ್ಣ, ಒಂದು ಹಾಕ್ಕೊಡು.” ಐಸಿ ಅಂದರೆ ಇಂಟಿಗ್ರೇಟೆಡ್ ಸರ್ಕ್ಯೂಟ್, ಚಿಪ್. ಯಾವ ಐಸಿ ಅಂತ ಕೇಳಿದರೆ ಉತ್ತರ ಇಲ್ಲ. ಬೋರ್ಡಿನಲ್ಲಿ ಕಪ್ಪಗೆ, ಜಾಸ್ತಿ ಕಾಲು ಇರುವುದು ಅದೊಂದೇ. ಹಾಗಾಗಿ ತಪ್ಪೆಲ್ಲ ಅದರದ್ದೇ.

ನಿಜ ಹೇಳಬೇಕೆಂದರೆ ಬಹಳ ಸಲ ಐಸಿ ಚೆನ್ನಾಗಿಯೇ ಇರುತ್ತದೆ. ಬೋರ್ಡಿನಲ್ಲಿ ಮೊದಲು ಕೈಕೊಡುವುದು ಬೇರೆಯವು. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗಿನ ದ್ರವ ಶಾಖಕ್ಕೆ ಒಣಗುತ್ತದೆ, ತಲೆ ಉಬ್ಬುತ್ತದೆ. ಕಾಯಿಲ್ ಎಳೆದು ಆನ್ ಮಾಡುವ ಸ್ವಿಚ್, ಅಂದರೆ ರಿಲೇಯ ಕಾಂಟ್ಯಾಕ್ಟ್ ಕಿಡಿ ಹಾರಿ ಹಾರಿ ಸುಡುತ್ತದೆ. ಟ್ರಾನ್ಸ್‌ಫಾರ್ಮರ್, ರಿಲೇ ಥರದ ಭಾರದ ಸಾಮಾನುಗಳ ಕಾಲಿನ ಸುತ್ತ ಬೆಸುಗೆ ಬಿರುಕು ಬಿಡುತ್ತದೆ. ಇದನ್ನೇ ನಾವು ಡ್ರೈ ಸೋಲ್ಡರ್ ಅನ್ನುವುದು. ಐಸಿಯಲ್ಲಿ ಹೀಗೆ ಸವೆಯುವಂಥದ್ದು ಏನೂ ಇಲ್ಲ. ಚಿಕ್ಕ ಸಿಲಿಕಾನ್ ಚೂರು, ಅದಕ್ಕೆ ಕೂದಲಿಗಿಂತ ಸಣ್ಣ ತಂತಿಗಳು, ಮೇಲೆ ಗಟ್ಟಿ ಎಪಾಕ್ಸಿ. ಅದು ಸಾಯಬೇಕಾದರೆ ಹೊರಗಿನಿಂದ ಜಾಸ್ತಿ ವೋಲ್ಟೇಜೋ ಜಾಸ್ತಿ ಕರೆಂಟೋ ನುಗ್ಗಬೇಕು. ಇಲ್ಲವಾದರೆ ಮಿತಿಮೀರಿ ಬಿಸಿಯಾಗಬೇಕು.

ಇದರಿಂದ ಒಂದು ಸುಳಿವು ಸಿಗುತ್ತದೆ. ಹೊರಗಿನ ತಂತಿಗೆ ಹತ್ತಿರ ಇರುವ ಐಸಿ ಮೇಲೆ ಮೊದಲು ಅನುಮಾನ ಪಡಿ. ಕರೆಂಟ್ ಒಳಗೆ ಬರುವ ಕಡೆ ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ ರೆಗ್ಯುಲೇಟರ್, ಎಸ್‌ಎಂಪಿಎಸ್ (ಚಾರ್ಜರ್, ಟಿವಿಗಳ ಸ್ವಿಚಿಂಗ್ ಪವರ್ ಸಪ್ಲೈ) ಐಸಿ, ರಿಲೇ ಓಡಿಸುವ ಡ್ರೈವರ್, ಸ್ಪೀಕರ್‌ಗೆ ಹೋಗುವ ಆಡಿಯೋ ಐಸಿ, ಕೇಬಲ್ ಸಿಕ್ಕಿಸುವ ಪೋರ್ಟಿನ ಹಿಂದೆ ಇರುವ ಚಿಪ್. ಒಳಗೆ ನಡುವೆ ಕೂತು ಸುಮ್ನೆ ಲೆಕ್ಕ ಮಾಡುವ ಐಸಿಗಳು ಅಪರೂಪಕ್ಕೆ ಸಾಯುತ್ತವೆ.

ಒಂದೇ ಸಾಮಾನನ್ನು ಇಟ್ಟುಕೊಂಡು ಮಾತಾಡಿದರೆ ಸುಲಭ. ಫ್ರಿಜ್‌ಗೆ ಹಾಕುವ ಹಳೇ ಮಾದರಿಯ ರಿಲೇ ಸ್ಟೆಬಿಲೈಸರ್ ತೆಗೆದುಕೊಳ್ಳೋಣ. ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿಗೆ ಊರುಗಳಲ್ಲಿ ವೋಲ್ಟೇಜ್ ಇಳಿಯುತ್ತದೆ, ಹಾಗಾಗಿ ನಮ್ಮ ಕಡೆ ಇದು ಎಲ್ಲರ ಮನೆಯಲ್ಲೂ ಇದ್ದದ್ದೇ. ಒಳಗೆ ಹಲವು ಟ್ಯಾಪ್ (ಬೇರೆ ಬೇರೆ ವೋಲ್ಟೇಜಿಗೆ ಸುರುಳಿಯಿಂದ ಹೊರಗೆ ತೆಗೆದ ತಂತಿ) ಇರುವ ಟ್ರಾನ್ಸ್‌ಫಾರ್ಮರ್, ಎರಡು ಮೂರು ರಿಲೇ, ಒಂದು ಪುಟ್ಟ ಬೋರ್ಡು. ಬೋರ್ಡಿನಲ್ಲಿ ಸಾಮಾನ್ಯವಾಗಿ 7812 ಅನ್ನುವ ಮೂರು ಕಾಲಿನ ರೆಗ್ಯುಲೇಟರ್, ಎಲ್‌ಎಂ324 ಅನ್ನುವ 14 ಕಾಲಿನ ಐಸಿ ಇರುತ್ತವೆ. ರಿಲೇ ಎಳೆಯಲು ಟ್ರಾನ್ಸಿಸ್ಟರ್‌ಗಳೋ ಇಲ್ಲವೇ ಯುಎಲ್‌ಎನ್2003 ಜಾತಿಯ 16 ಕಾಲಿನ ಡ್ರೈವರೋ ಇರುತ್ತದೆ. 7812 ಬೋರ್ಡಿಗೆ 12 ವೋಲ್ಟ್ ಕೊಡುತ್ತದೆ. ಎಲ್‌ಎಂ324 ಲೈನಿನ ವೋಲ್ಟೇಜಿನ ಒಂದು ಅಂಶವನ್ನು ಝೀನರ್ ಡಯೋಡ್ ಕೊಡುವ ಸ್ಥಿರ ವೋಲ್ಟೇಜ್ ಜೊತೆ ಹೋಲಿಸುತ್ತದೆ. ಕಡಿಮೆ ಅಂತ ಕಂಡರೆ ಡ್ರೈವರ್‌ಗೆ ಹೇಳುತ್ತದೆ, ಡ್ರೈವರ್ ರಿಲೇ ಎಳೆಯುತ್ತದೆ, ಟ್ಯಾಪ್ ಬದಲಾಗುತ್ತದೆ. ಅಷ್ಟೇ ಕಥೆ.

ನಂಬರ್ ಓದುವುದು

ಐಸಿ ಮೇಲೆ ಎರಡು ಮೂರು ಸಾಲು ಬರಹ ಇರುತ್ತದೆ. ಎಲ್ಲವೂ ಮುಖ್ಯ ಅಲ್ಲ. ಭಾಗದ ನಂಬರಿನಲ್ಲಿ ಮುಂದಿನ ಅಕ್ಷರಗಳು ಹೆಚ್ಚಾಗಿ ಕಂಪನಿಯ ಗುರುತು, ನಡುವಿನ ಅಂಕಿ ಐಸಿಯ ಕೆಲಸ, ಕೊನೆಯ ಅಕ್ಷರಗಳು ಕವಚದ ಬಗೆ ಅಥವಾ ತಡೆಯುವ ಶಾಖ. ಎಲ್7805ಸಿವಿ, ಕೆಎ7805, ಎಂಸಿ7805, ಎಲ್‌ಎಂ7805 ಇವೆಲ್ಲ ಬೇರೆ ಬೇರೆ ಕಂಪನಿಯವರು ಮಾಡಿದ ಒಂದೇ 5 ವೋಲ್ಟ್ ರೆಗ್ಯುಲೇಟರ್. ಅಂಗಡಿಯಲ್ಲಿ “ಎಲ್ ಇಲ್ಲ, ಕೆಎ ಇದೆ” ಅಂದರೆ ತಲೆಕೆಡಿಸಿಕೊಳ್ಳಬೇಡಿ. ಆದರೆ ನಡುವೆ ಒಂದು ಅಕ್ಷರ ಸೇರಿದರೆ ಕಥೆ ಬೇರೆ. 78ಎಲ್05 ಅಂದರೆ ಅದೂ 5 ವೋಲ್ಟೇ, ಆದರೆ 100 ಮಿಲಿಆಂಪ್ ಮಾತ್ರ ಕೊಡುತ್ತದೆ. ದೊಡ್ಡ 7805 ಒಂದು ಆಂಪ್‌ಗೂ ಮೇಲೆ ಕೊಡಬಲ್ಲದು. ಚಿಕ್ಕದರ ಕಾಲುಗಳ ಸಾಲು ದೊಡ್ಡದಕ್ಕೆ ಉಲ್ಟಾ ಬೇರೆ. ಇನ್ನು 7812ರ ಜಾಗಕ್ಕೆ 7912 ಹಾಕಿದರೆ ಕೆಟ್ಟಿತು. ಅದು ಮೈನಸ್ 12 ವೋಲ್ಟಿನದು, ಕಾಲುಗಳೂ ಬೇರೆ.

ಎಲ್‌ಎಂ124, 224, 324 ಮೂರರ ಕೆಲಸ ಒಂದೇ. ತಡೆಯುವ ಶಾಖದ ಮಿತಿ ಬೇರೆ: 324 ಶೂನ್ಯದಿಂದ 70 ಡಿಗ್ರಿ, 224 ಮೈನಸ್ 25ರಿಂದ 85, 124 ಮೈನಸ್ 55ರಿಂದ 125 ಡಿಗ್ರಿ ಸೆಲ್ಸಿಯಸ್. 324ರ ಜಾಗಕ್ಕೆ 224 ಧಾರಾಳವಾಗಿ ಹಾಕಬಹುದು. ಬಿಸಿಲಿಗೆ ಕಾಯುವ ತಗಡಿನ ಸ್ಟಾರ್ಟರ್ ಡಬ್ಬದೊಳಗಿನ 224 ತೆಗೆದು 324 ಹಾಕುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಸಾಲಿನಲ್ಲಿ ನಾಲ್ಕು ಅಂಕಿ ಕಂಡರೆ ಅದು ಹೆಚ್ಚಾಗಿ ತಯಾರಾದ ಕಾಲ. 2218 ಅಂದರೆ 2022ನೇ ಇಸವಿಯ 18ನೇ ವಾರ. ಹೊಸದಾಗಿ ಕಲಿಯುವವರು ಇದನ್ನೇ ಐಸಿ ನಂಬರ್ ಅಂದುಕೊಂಡು ಮೊಬೈಲಿನಲ್ಲಿ ಹುಡುಕುತ್ತಾ ಕೂರುತ್ತಾರೆ.

ಬರಹ ಮಾಸಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಡಿ. ಸೀಮೆಸುಣ್ಣ ಉಜ್ಜಿ ಮೆಲ್ಲಗೆ ಒರೆಸಿದರೂ ಕೊರೆದ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.

ಕೆಲವು ತಯಾರಕರು ನಕಲು ಮಾಡಬಾರದೆಂದು ನಂಬರನ್ನೇ ಉಜ್ಜಿ ಹಾಕಿರುತ್ತಾರೆ. ಆಗ ಕಾಲುಗಳು ಬಾಯಿಬಿಡುತ್ತವೆ. ಪ್ಲಸ್ ಯಾವ ಕಾಲಿಗೆ, ಗ್ರೌಂಡ್ ಯಾವ ಕಾಲಿಗೆ ಹೋಗಿದೆ ನೋಡಿ. 14 ಕಾಲಿನದರಲ್ಲಿ 4ನೇ ಕಾಲು ಪ್ಲಸ್, 11ನೇ ಕಾಲು ಗ್ರೌಂಡ್ ಆಗಿದ್ದರೆ ಅದು ಎಲ್‌ಎಂ324 ಜಾತಿಯ, ನಾಲ್ಕು ಆಪ್‌ಆಂಪ್ (ಎರಡು ವೋಲ್ಟೇಜಿನ ವ್ಯತ್ಯಾಸವನ್ನು ಹಿಗ್ಗಿಸುವ ಸರ್ಕ್ಯೂಟ್) ಇರುವ ಐಸಿ ಅನ್ನಬಹುದು. 3ನೇ ಕಾಲು ಪ್ಲಸ್, 12ನೇ ಕಾಲು ಗ್ರೌಂಡ್ ಇದ್ದರೆ ಎಲ್‌ಎಂ339 ಕಂಪೇರೇಟರ್, ಅಂದರೆ ಎರಡು ವೋಲ್ಟೇಜ್ ಹೋಲಿಸುವ ಐಸಿ, ಇರಬೇಕು. 14 ಪ್ಲಸ್, 7 ಗ್ರೌಂಡ್ ಆದರೆ ಲಾಜಿಕ್ ಐಸಿ. 16 ಕಾಲಿನದರಲ್ಲಿ 8ನೇದು ಗ್ರೌಂಡ್, 9ನೇದು ರಿಲೇಗಳ ಪ್ಲಸ್ಸಿಗೆ ಹೋಗಿದ್ದು, ಒಂದು ಪಕ್ಕದ ಕಾಲುಗಳೆಲ್ಲ ರಿಲೇ ಕಾಯಿಲ್ ಕಡೆ ಹೊರಟಿದ್ದರೆ ಅದು ಯುಎಲ್‌ಎನ್ ಡ್ರೈವರ್. 8 ಕಾಲಿನದರಲ್ಲಿ 8 ಪ್ಲಸ್, 4 ಗ್ರೌಂಡ್ ಕಂಡರೆ ಮಾತ್ರ ಅವಸರ ಬೇಡ. ಎಲ್‌ಎಂ358, 4558, ಎಲ್‌ಎಂ393 ಮೂರಕ್ಕೂ ಇದೇ ಸಾಲು. 393 ಕಂಪೇರೇಟರ್. ಅದರ ಔಟ್‌ಪುಟ್ ಕೆಳಗೆ ಎಳೆಯುತ್ತದೆ ಅಷ್ಟೇ, ಮೇಲಕ್ಕೆ ತಳ್ಳುವುದಿಲ್ಲ. ಹಾಗಾಗಿ ಔಟ್‌ಪುಟ್ಟಿನಿಂದ ಪ್ಲಸ್ಸಿಗೆ ಒಂದು ರೆಸಿಸ್ಟರ್ ಇರಲೇಬೇಕು. ಅದು ಇದ್ದರೆ 393 ಕಡೆ ಅನುಮಾನ ಜಾಸ್ತಿ.

ಕಾಲು ಎಣಿಸುವ ಕ್ರಮ ಗೊತ್ತಿಲ್ಲದೆ ಇದೆಲ್ಲ ವ್ಯರ್ಥ. ಐಸಿಯ ಒಂದು ತುದಿಯಲ್ಲಿ ಅರ್ಧಚಂದ್ರದ ಕಟ್ ಅಥವಾ ಮೂಲೆಯಲ್ಲಿ ಚುಕ್ಕಿ ಇರುತ್ತದೆ. ಕಟ್ ಮೇಲೆ ಬರುವ ಹಾಗೆ ಹಿಡಿದರೆ ಎಡಗಡೆ ಮೇಲಿನದು 1ನೇ ಕಾಲು. ಎಡಗಡೆ ಕೆಳಗಿಳಿದು, ಬಲಗಡೆ ಮೇಲೆ ಹತ್ತಿ ಬನ್ನಿ. ಬೋರ್ಡನ್ನು ಮಗುಚಿ ಬೆಸುಗೆ ಕಡೆಯಿಂದ ನೋಡಿದರೆ ಎಡ ಬಲ ಅದಲುಬದಲು. ಅನುಭವ ಇದ್ದವರೂ ಮುಗ್ಗರಿಸುವ ಜಾಗ ಇದು.

ಐಸಿ ಸತ್ತಿದೆ ಅಂತ ತೋರಿಸಿಕೊಡುವುದು

ಪೈರು ಒಣಗಿದರೆ ಮೊದಲು ನಾಲೆಯಲ್ಲಿ ನೀರು ಬಂದಿದೆಯಾ ನೋಡುತ್ತೇವೆ, ಬಿತ್ತನೆ ಬೀಜವನ್ನು ಬೈಯುವುದು ಆಮೇಲೆ. ಇಲ್ಲೂ ಅಷ್ಟೇ. ಮೊದಲು ಐಸಿಯ ಪ್ಲಸ್ ಕಾಲು, ಗ್ರೌಂಡ್ ಕಾಲು ಎರಡಕ್ಕೇ ನೇರವಾಗಿ ಮಲ್ಟಿಮೀಟರ್ ಹಿಡಿಯಿರಿ. ಬೋರ್ಡಿನ ಬೇರೆಲ್ಲೋ 12 ವೋಲ್ಟ್ ಬಂದರೆ ಸಾಲದು, ಟ್ರ್ಯಾಕ್ (ಬೋರ್ಡಿನ ತಾಮ್ರದ ಗೆರೆ) ಬಿರುಕು ಬಿಟ್ಟಿರಬಹುದು. ನಮ್ಮ ಎಲ್‌ಎಂ324ರಲ್ಲಿ 4 ಮತ್ತು 11ರ ನಡುವೆ 12 ವೋಲ್ಟ್ ಇಲ್ಲದಿದ್ದರೆ ಆ ಐಸಿಯ ಸುದ್ದಿಗೇ ಹೋಗಬೇಡಿ, 7812 ಕಡೆ ನಡೆಯಿರಿ.

7812ಕ್ಕೆ ಒಳಗೆ ಹೋಗುವ ವೋಲ್ಟೇಜ್ 14.5 ಆದರೂ ಇರಬೇಕು, ಅಂದರೆ 12ಕ್ಕಿಂತ ಸುಮಾರು ಎರಡು ಎರಡೂವರೆ ಜಾಸ್ತಿ. ಒಳಗೆ 16 ಹೋಗಿ ಹೊರಗೆ 4 ಮಾತ್ರ ಬರುತ್ತಿದೆ ಅನ್ನೋಣ. ರೆಗ್ಯುಲೇಟರ್ ಹೋಗಿದೆ ಅಂತ ಈಗಲೇ ಹೇಳಬಹುದಾ? ಇಲ್ಲ. ಮುಂದೆ ಯಾವುದೋ ಶಾರ್ಟ್ ಆಗಿ ಅದನ್ನು ಎಳೆದು ಕೂರಿಸಿರಬಹುದು. ಔಟ್‌ಪುಟ್ ಕಾಲಿನ ಬೆಸುಗೆ ಬಿಡಿಸಿ ಮತ್ತೆ ಅಳೆಯಿರಿ. ಈಗ ಸರಿಯಾಗಿ 12 ಬಂದರೆ 7812 ಚೆನ್ನಾಗಿದೆ, ಕಳ್ಳ ಮುಂದೆ ಇದ್ದಾನೆ.

ಆ ಕಳ್ಳನನ್ನು ಹಿಡಿಯಲು ಒಂದು ಉಪಾಯ ಇದೆ. ಬಿಡಿಸಿದ ಕಾಲನ್ನು ಮತ್ತೆ ಕೂರಿಸಿ ಬೋರ್ಡಿಗೆ ಕರೆಂಟ್ ಕೊಟ್ಟು, 12 ವೋಲ್ಟಿನ ಭಾಗಕ್ಕೆ ತೆಳ್ಳಗೆ ಆಲ್ಕೋಹಾಲ್ ಹಚ್ಚಿ. ಎಲ್ಲಿ ಮೊದಲು ಒಣಗುತ್ತದೋ ಅಲ್ಲಿ ಬಿಸಿ ಏರುತ್ತಿದೆ. ಇದನ್ನು ಬೇರೆ ಅಡಾಪ್ಟರಿನಿಂದ 12 ವೋಲ್ಟ್ ಕೊಟ್ಟೇ ಮಾಡಿ. 230 ವೋಲ್ಟ್ ಓಡಾಡುವ ಬೋರ್ಡಿನ ಮೇಲೆ ದ್ರವ ಸುರಿಯುವ ಸಾಹಸ ಬೇಡವೇ ಬೇಡ.

ಪವರ್ ಸರಿ ಇದೆ ಅನ್ನಿ. ಈಗ ಒಳಗೆ ಏನು ಹೋಗುತ್ತಿದೆ, ಹೊರಗೆ ಏನು ಬರುತ್ತಿದೆ ನೋಡಬೇಕು. ಎಲ್‌ಎಂ324ರ ಮೊದಲನೇ ಭಾಗದಲ್ಲಿ 3ನೇ ಕಾಲು ಪ್ಲಸ್ ಇನ್‌ಪುಟ್, 2ನೇದು ಮೈನಸ್ ಇನ್‌ಪುಟ್, 1ನೇದು ಔಟ್‌ಪುಟ್. 3ರ ವೋಲ್ಟೇಜ್ 2ಕ್ಕಿಂತ ಜಾಸ್ತಿ ಇದ್ದರೆ 1ರಲ್ಲಿ ಸುಮಾರು 10.5 ವೋಲ್ಟ್ ಬರಬೇಕು. ಕಡಿಮೆ ಇದ್ದರೆ ಸೊನ್ನೆ ಹತ್ತಿರ. ಇನ್‌ಪುಟ್ ಒಂದು ಹೇಳಿ ಔಟ್‌ಪುಟ್ ಇನ್ನೊಂದು ಹೇಳುತ್ತಿದ್ದರೆ ಆಗ ಐಸಿ ಮೇಲೆ ಅನುಮಾನ ಪಡಲು ಕಾರಣ ಸಿಕ್ಕಿತು. ಅಷ್ಟಾದರೂ ಔಟ್‌ಪುಟ್ ಕಾಲನ್ನು ಬಿಡಿಸಿ ಒಮ್ಮೆ ನೋಡಿ, ಮುಂದಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿ ಅದನ್ನು ಕೆಳಗೆ ಎಳೆದಿರಬಹುದು. ಯುಎಲ್‌ಎನ್2003 ಆದರೆ ಇನ್ನೂ ಸುಲಭ. ಇನ್‌ಪುಟ್‌ಗೆ 5 ವೋಲ್ಟ್ ಬಂದಾಗ ಎದುರಿನ ಔಟ್‌ಪುಟ್ ಕಾಲು 12ರಿಂದ ಸುಮಾರು ಒಂದು ವೋಲ್ಟಿಗೆ ಇಳಿಯಬೇಕು, ರಿಲೇ ಟಕ್ ಅನ್ನಬೇಕು. ಇಳಿಯದೆ 12ರಲ್ಲೇ ನಿಂತರೆ ಆ ಚಾನೆಲ್ ಹೋಗಿದೆ.

ಸರ್ಕ್ಯೂಟ್ ಗೊತ್ತಿಲ್ಲದ ಬೋರ್ಡಾದರೆ ಕರೆಂಟ್ ಪೂರ್ತಿ ತೆಗೆದು, ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿ ಗ್ರೌಂಡಿಗೆ ಹಿಡಿದು ಕಪ್ಪು ಕಡ್ಡಿಯನ್ನು ಒಂದೊಂದೇ ಕಾಲಿಗೆ ಮುಟ್ಟಿಸಿ ಬರೆದುಕೊಳ್ಳಿ. ಬಹುತೇಕ ಕಾಲುಗಳು 0.4ರಿಂದ 0.7ರ ಆಸುಪಾಸು ತೋರಿಸುತ್ತವೆ. ಗ್ರೌಂಡಿಗೆ ಹೋಗದ ಕಾಲು ಸೊನ್ನೆ ತೋರಿಸಿದರೆ ಅಲ್ಲಿ ಏನೋ ಇದೆ. ಅದೇ ಮಾದರಿಯ ಚೆನ್ನಾಗಿರುವ ಇನ್ನೊಂದು ಬೋರ್ಡು ಸಿಕ್ಕಿ ಎರಡನ್ನೂ ಹೋಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ಅಂಕಿಯ ವ್ಯತ್ಯಾಸ

ಟ್ರಾನ್ಸ್‌ಫಾರ್ಮರ್ ಸ್ಟೆಬಿಲೈಸರ್ ಬಿಟ್ಟು ಚಾರ್ಜರ್, ಟಿವಿಗಳ ಎಸ್‌ಎಂಪಿಎಸ್‌ಗೆ ಬಂದರೆ ಆಟ ಗಡುಸಾಗುತ್ತದೆ. ಇಲ್ಲಿ 230 ವೋಲ್ಟ್ ಎಸಿ ನೇರವಾಗಿ ಡಿಸಿ ಆಗಿ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಕೂತಿರುತ್ತದೆ. ಪ್ಲಗ್ ಕಿತ್ತ ಮೇಲೂ ಇರುತ್ತದೆ. ಸ್ಕ್ರೂಡ್ರೈವರಿನಲ್ಲಿ ಕಿಡಿ ಹಾರಿಸಿ ಖಾಲಿ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಹೋಲ್ಡರಿಗೆ ಹಾಕಿದ ಹಳೇ ಫಿಲಮೆಂಟ್ ಬಲ್ಬಿನ ಎರಡು ತಂತಿ ಮುಟ್ಟಿಸಿ, ಆಮೇಲೆ ಮೀಟರಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಿ. ವೋಲ್ಟೇಜಿನ ಅಭ್ಯಾಸ ಇಲ್ಲದವರು ಈ ಬೋರ್ಡನ್ನು ಗೊತ್ತಿರುವವರಿಗೆ ಕೊಡುವುದೇ ಸರಿ.

ಇಂಥ ಪವರ್ ಬೋರ್ಡುಗಳಲ್ಲಿ, ಮಾಸ್ಫೆಟ್ ಅನ್ನುವ ಟ್ರಾನ್ಸಿಸ್ಟರ್ ಸ್ವಿಚ್ಚನ್ನು ಆನ್ ಆಫ್ ಮಾಡಿಸುವ ಹಳೆಯ ಪರಿಚಯಸ್ಥ ಯುಸಿ3842. ಇದಕ್ಕೆ 3843, 3844, 3845 ಅಂತ ತಮ್ಮಂದಿರಿದ್ದಾರೆ. ಕಾಲುಗಳ ಸಾಲು ಒಂದೇ, ಕವಚ ಒಂದೇ. ಹಾಗಂತ 3842 ಸಿಗಲಿಲ್ಲವೆಂದು 3843 ಹಾಕಬಹುದಾ? 3842 ತನ್ನ 7ನೇ ಕಾಲಿಗೆ 16 ವೋಲ್ಟ್ ಬಂದ ಮೇಲೆ ಎಚ್ಚರವಾಗುತ್ತದೆ, 10ಕ್ಕೆ ಇಳಿದರೆ ಮಲಗುತ್ತದೆ. 3843 ಎಚ್ಚರವಾಗುವುದು 8.4ಕ್ಕೆ, ಮಲಗುವುದು 7.6ಕ್ಕೆ. 3842ಕ್ಕೆಂದು ಮಾಡಿದ ಬೋರ್ಡಿನಲ್ಲಿ 3843 ಬೇಗ ಏಳುತ್ತದೆ, ಕೆಪಾಸಿಟರಿನಲ್ಲಿದ್ದ ಸ್ವಲ್ಪ ದಾಸ್ತಾನು ಖಾಲಿಯಾಗಿ ಕೂಡಲೇ ಮಲಗಬಹುದು. ಅದೂ ಅಲ್ಲದೆ ಮಾಸ್ಫೆಟ್ಟಿನ ಗೇಟಿಗೆ (ಅದನ್ನು ಆನ್ ಮಾಡಿಸುವ ಕಾಲಿಗೆ) 8 ವೋಲ್ಟ್ ಮಾತ್ರ ಸಿಕ್ಕಿ ಅದು ಪೂರ್ತಿ ಆನ್ ಆಗದೆ ಬಿಸಿಯಾಗಬಹುದು. 3844 ಏಳುವುದು ಮಲಗುವುದು 3842ರ ಥರವೇ, ಆದರೆ ಅರ್ಧಕ್ಕಿಂತ ಜಾಸ್ತಿ ಹೊತ್ತು ಆನ್ ಇರಲು ಬಿಡುವುದಿಲ್ಲ. ಹಾಗಾಗಿ ಇಲ್ಲಿ ಡೇಟಾಶೀಟ್ (ಕಂಪನಿ ಕೊಡುವ ಐಸಿ ವಿವರದ ಹಾಳೆ) ಓದದೆ ಬದಲಿ ಹಾಕಬಾರದು.

ಈ ಬೋರ್ಡು ಆನ್ ಆಗಿ ಆಫ್ ಆಗಿ ಟಿಕ್ ಟಿಕ್ ಅನ್ನುತ್ತಿದ್ದರೆ ಐಸಿಗೆ ಕೈ ಹಾಕುವ ಮೊದಲು 7ನೇ ಕಾಲಿಗೆ ಅಂಟಿಕೊಂಡಿರುವ ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬದಲಿಸಿ ನೋಡಿ. ಅದು ಒಣಗಿದರೆ ದಾಸ್ತಾನು ನಿಲ್ಲುವುದಿಲ್ಲ, ಐಸಿ ಎದ್ದು ಮಲಗಿ ಎದ್ದು ಮಲಗಿ ಮಾಡುತ್ತದೆ. ಕೆಲವೇ ರೂಪಾಯಿಯ ಸಾಮಾನು.

ಐಸಿ ನಿಜವಾಗಿ ಸಿಡಿದು ತೂತು ಬಿದ್ದಿದ್ದರೆ ಬಹುಮಟ್ಟಿಗೆ ಅದನ್ನು ಕೊಂದದ್ದು ಮಾಸ್ಫೆಟ್. ಅದರ ಡ್ರೈನು (ಜಾಸ್ತಿ ವೋಲ್ಟೇಜ್ ಬರುವ ಕಾಲು) ಗೇಟಿಗೆ ಶಾರ್ಟ್ ಆದರೆ 325 ವೋಲ್ಟ್ ಗೇಟ್ ರೆಸಿಸ್ಟರ್ ದಾಟಿ ಐಸಿಯ 6ನೇ ಕಾಲಿಗೆ ನುಗ್ಗುತ್ತದೆ. ಐಸಿ ಒಂದನ್ನೇ ಬದಲಿಸಿ ಸ್ವಿಚ್ ಹಾಕಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಮಾಸ್ಫೆಟ್, ಗೇಟ್ ರೆಸಿಸ್ಟರ್, ಮಾಸ್ಫೆಟ್ಟಿನ ಸೋರ್ಸ್ ಕಡೆ ಇರುವ ಒಂದು ಓಮ್‌ಗಿಂತ ಕಡಿಮೆಯ ದಪ್ಪ ರೆಸಿಸ್ಟರ್, ಫ್ಯೂಸ್, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ಎಲ್ಲವನ್ನೂ ನೋಡಿ, ಹೋಗಿರುವುದನ್ನೆಲ್ಲ ಒಟ್ಟಿಗೆ ಹಾಕಬೇಕು. ರಿಲೇ ಡ್ರೈವರ್ ಹೋದಾಗಲೂ ಹೀಗೇ ಕೇಳಿಕೊಳ್ಳಿ. ಕಾಯಿಲ್ ಆಫ್ ಆದಾಗ ಹುಟ್ಟುವ ಉಲ್ಟಾ ವೋಲ್ಟೇಜನ್ನು ನುಂಗುವ ಡಯೋಡ್ ಸರಿ ಇದೆಯಾ? ಯುಎಲ್‌ಎನ್‌ನಲ್ಲಿ ಆ ಡಯೋಡ್‌ಗಳು ಒಳಗೇ ಇವೆ, ಆದರೆ 9ನೇ ಕಾಲಿನ ಬೆಸುಗೆ ಬಿಟ್ಟಿದ್ದರೆ ಇದ್ದೂ ಇಲ್ಲದ ಹಾಗೆ. ತೋಟದ ಸ್ಟಾರ್ಟರ್ ಬೋರ್ಡುಗಳಲ್ಲಿ ಕಾರಣ ಇನ್ನೂ ಸರಳ. ಡಬ್ಬ ಬಿಚ್ಚಿದರೆ ಇರುವೆ ಗೂಡು, ಇಲ್ಲ ಸುಟ್ಟ ಹಲ್ಲಿ. ತಂತಿ ಬರುವ ತೂತು ಮುಚ್ಚದೆ ಎಷ್ಟು ಐಸಿ ಹಾಕಿದರೂ ಅಷ್ಟೇ.

ಕಿತ್ತು ಕೂರಿಸುವುದು

ಸತ್ತ ಐಸಿಯನ್ನು ಉಳಿಸಲು ಹೋಗಬೇಡಿ, ಬೋರ್ಡ್ ಉಳಿಸಿ. ಸ್ಟೆಬಿಲೈಸರಿನ ಕಂದು ಬಣ್ಣದ ಅಗ್ಗದ ಬೋರ್ಡುಗಳಲ್ಲಿ ಟ್ರ್ಯಾಕ್ ಬಿಸಿಗೆ ಸಿಪ್ಪೆಯಂತೆ ಏಳುತ್ತದೆ. 14 ಕಾಲನ್ನೂ ಸಕ್ಕರಿನಲ್ಲಿ (ಕರಗಿದ ಬೆಸುಗೆ ಹೀರುವ ಪಂಪು) ಎಳೆದು ಐಸಿಯನ್ನು ಇಡಿಯಾಗಿ ಬಿಡಿಸುವ ಬದಲು, ಸಣ್ಣ ಕಟ್ಟರಿನಲ್ಲಿ ಕಾಲುಗಳನ್ನು ಐಸಿಯ ಮೈ ಹತ್ತಿರ ಕತ್ತರಿಸಿ. ಉಳಿದ ತುಂಡುಗಳನ್ನು ಒಂದೊಂದಾಗಿ ಬಿಸಿ ಮಾಡಿ ಚಿಮುಟದಲ್ಲಿ ಎಳೆಯಿರಿ, ತೂತುಗಳನ್ನು ಸಕ್ಕರ್ ಇಲ್ಲವೇ ಬೆಸುಗೆ ಹೀರುವ ತಾಮ್ರದ ಜಡೆ ವಿಕ್‌ನಿಂದ ಬಿಡಿಸಿ. ಒಂದೇ ಜಾಗದಲ್ಲಿ ಐರನ್ ಮೂರು ನಾಲ್ಕು ಸೆಕೆಂಡಿಗಿಂತ ಜಾಸ್ತಿ ಇಡಬೇಡಿ. ಸೀಸ ಇಲ್ಲದ ಬೆಸುಗೆ ಕರಗುವುದು 217 ಡಿಗ್ರಿ ಆಸುಪಾಸು, ಸೀಸ ಇರುವ 63/37 ಬೆಸುಗೆ 183ಕ್ಕೇ ಕರಗುತ್ತದೆ. ಹಠಮಾರಿ ಕಾಲಿಗೆ ಸ್ವಲ್ಪ ಫ್ಲಕ್ಸ್, ಸ್ವಲ್ಪ ಹೊಸ ಸೀಸದ ಬೆಸುಗೆ ಸೇರಿಸಿದರೆ ಹಳೆಯದು ಸಡಿಲವಾಗುತ್ತದೆ.

ಅಲ್ಲಿ ಐಸಿ ಬೇಸ್ ಬೆಸೆದು, ಬೇಸಿಗೆ ಐಸಿ ಒತ್ತುವುದು ನನ್ನ ಅಭ್ಯಾಸ. ಮುಂದಿನ ಸಲ ಐರನ್ನೇ ಬೇಕಾಗುವುದಿಲ್ಲ. ತುಂಬಾ ಅದುರುವ ಕಡೆ ಮಾತ್ರ ಬೇಸ್ ಬೇಡ, ಕಾಲು ಸಡಿಲವಾಗುತ್ತದೆ. ಕಟ್ ಯಾವ ಕಡೆಗಿತ್ತು ಅಂತ ಕೀಳುವ ಮೊದಲೇ ಫೋಟೋ ತೆಗೆದಿಡಿ. ಎಲ್‌ಎಂ324 ಅನ್ನು ತಿರುಗಿಸಿ ಹಾಕಿದರೆ 4ರ ಜಾಗಕ್ಕೆ 11 ಬರುತ್ತದೆ, ಅಂದರೆ ಪ್ಲಸ್ ಮೈನಸ್ ಉಲ್ಟಾ. ಸ್ವಿಚ್ ಹಾಕಿದ ಕೂಡಲೇ ಹೊಸ ಐಸಿ ಹೋಯಿತು.

ಬೋರ್ಡಿಗೆ ಅಂಟಿಕೊಂಡಿರುವ ಪುಟ್ಟ ಎಸ್‌ಎಂಡಿ ಐಸಿಗಳಿಗೆ ಹಾಟ್ ಏರ್ ಗನ್ ಬೇಕು. ಸುತ್ತಲಿನ ಸಾಮಾನಿಗೆ ಬಿಸಿ ತಾಗದಂತೆ ಶಾಖ ತಡೆಯುವ ಕ್ಯಾಪ್ಟಾನ್ ಟೇಪ್ ಸುತ್ತಿ, ಬೆಸುಗೆ ಹೊಳೆಯುವವರೆಗೆ ಕಾಯಿರಿ, ಎಳೆದಾಡಬೇಡಿ. ಹೊಟ್ಟೆಯಡಿಯಲ್ಲಿ ಗುಂಡುಗಳಿರುವ ಬಿಜಿಎ ಚಿಪ್‌ಗಳು ಬೇರೆಯದೇ ವಿದ್ಯೆ, ಇಲ್ಲಿಗೆ ಬೇಡ. ಕೈಯ ಸ್ಟ್ಯಾಟಿಕ್ ಬಗ್ಗೆಯೂ ಎಚ್ಚರ ಇರಲಿ. ಮೈಗೆ ಚುರ್ ಅನ್ನಿಸಲು ಸುಮಾರು 3,000 ವೋಲ್ಟ್ ಬೇಕು, ಕೆಲವು ಚಿಪ್‌ಗಳು ಅದಕ್ಕಿಂತ ಬಹಳ ಕಡಿಮೆಗೇ ಹಾಳಾಗುತ್ತವೆ.

ವಾಷಿಂಗ್ ಮಷಿನ್ನಿನಂಥವುಗಳಲ್ಲಿ ಇರುವ ಮೈಕ್ರೋಕಂಟ್ರೋಲರ್ ಹೋಗಿದ್ದರೆ ಅಂಗಡಿಯಿಂದ ಅದೇ ನಂಬರ್ ತಂದು ಪ್ರಯೋಜನ ಇಲ್ಲ. ಕಂಪನಿ ಅದರೊಳಗೆ ತುಂಬಿದ ಪ್ರೋಗ್ರಾಂ ಹೊಸ ಚಿಪ್ಪಿನಲ್ಲಿ ಇರುವುದಿಲ್ಲ. ಅಲ್ಲಿ ಪೂರ್ತಿ ಬೋರ್ಡ್ ಬದಲಿಸುವುದೇ ದಾರಿ.

ಸಾಮಾನ್ಯ ಐಸಿಗಳ ವಿಷಯದಲ್ಲಿ ನಾವು ಅದೃಷ್ಟವಂತರು. 1972ರಲ್ಲಿ ಮಾರುಕಟ್ಟೆಗೆ ಬಂದ 555 ಟೈಮರ್ ಇವತ್ತಿಗೂ ಹೊಸದಾಗಿ ತಯಾರಾಗುತ್ತಿದೆ, 324, 7812ಗಳೂ ಹಾಗೇ. ಮಂಡ್ಯದಲ್ಲಿ ಇಲ್ಲದ್ದು ಮೈಸೂರಿನಲ್ಲಿ, ಅಲ್ಲೂ ಇಲ್ಲದ್ದು ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಸಿಗುತ್ತದೆ. ನಕಲಿಯೂ ಸಿಗುತ್ತದೆ. ಮುಖ್ಯವಾಗಿ ಬೆಲೆ ಬಾಳುವ ಆಡಿಯೋ ಐಸಿ, ಮಾಸ್ಫೆಟ್‌ಗಳಲ್ಲಿ. ಹಳೇ ಅಕ್ಷರ ಉಜ್ಜಿ, ಕಪ್ಪು ಬಣ್ಣ ಬಳಿದು ಮೇಲೆ ಹೊಸ ನಂಬರ್ ಹಾಕಿರುತ್ತಾರೆ. ಹತ್ತಿಗೆ ಅಸಿಟೋನ್ ಹಚ್ಚಿ ಉಜ್ಜಿದಾಗ ಕಪ್ಪು ಬಿಟ್ಟರೆ, ಅಥವಾ 1ನೇ ಕಾಲಿನ ಗುಳಿ ಬಣ್ಣ ತುಂಬಿ ಮಸುಕಾಗಿದ್ದರೆ ವಾಪಸ್ ಕೊಡಿ. ರೆಗ್ಯುಲೇಟರಾದರೆ ಬೋರ್ಡಿಗೆ ಹಾಕುವ ಮೊದಲೇ ಹೊರಗೆ 16 ವೋಲ್ಟ್ ಕೊಟ್ಟು 12 ಬರುತ್ತದೆಯಾ ನೋಡಿಬಿಡಿ.

ಎಲ್ಲ ಕೂರಿಸಿದ ಮೇಲೆ ಮೊದಲ ಸಲ ನೇರ ಲೈನಿಗೆ ಹಾಕಬೇಡಿ. 60 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸ್ ಹಾಕಿ ಸ್ವಿಚ್ ಒತ್ತಿ. ಬಲ್ಬ್ ಒಮ್ಮೆ ಮಿನುಗಿ ಮಂಕಾದರೆ ಸರಿ, ಪೂರ್ತಿ ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಉಳಿದಿದೆ. ಬಲ್ಬ್ ತೆಗೆದ ಮೇಲೆ ಸ್ಟೆಬಿಲೈಸರನ್ನು ವೋಲ್ಟೇಜ್ ಏರಿಸಿ ಇಳಿಸುವ ಡಿಮ್ಮರ್‌ಸ್ಟಾಟಿಗೆ ಹಾಕಿ 170ರಿಂದ 260 ವೋಲ್ಟ್‌ವರೆಗೆ ನಿಧಾನವಾಗಿ ತಿರುಗಿಸಿ. ಪ್ರತಿ ರಿಲೇಯೂ ತನ್ನ ಸರದಿಗೆ ಒಂದೇ ಸಲ ಟಕ್ ಅನ್ನಬೇಕು, ಗಡಗಡ ಅನ್ನಬಾರದು. ಔಟ್‌ಪುಟ್‌ಗೆ ಎರಡು ಬಲ್ಬ್ ಲೋಡ್ ಕೊಟ್ಟು ಅರ್ಧ ಗಂಟೆ ಬಿಟ್ಟು, ಪ್ಲಗ್ ಕಿತ್ತು, 7812ರ ಹೀಟ್‌ಸಿಂಕ್ ಮುಟ್ಟಿ ನೋಡಿ. ಕೈ ಇಡಲು ಆಗದಷ್ಟು ಬಿಸಿ ಇಲ್ಲ ಅಂದರೆ ಫ್ರಿಜ್ ಹಾಕಬಹುದು.